ಮಂಡಿ ಮೀರಿದ ಬಸವನಹುಳು

ಜುಲೈ 2, ಗುರುವಾರ

ಏಣಿಯಿಂದ ನಾನು ಬಿದ್ದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದೆ. ಸತ್ಯವನ್ನು ಇಲ್ಲಿ ಬರೆದಿಡುತ್ತೇನೆ. ಬಿದ್ದದ್ದು ಏಣಿ. ಆಗ ನಾನು ಅದರ ಮೇಲಿದ್ದೆ, ಅಷ್ಟೇ. ಗೋಡೆಗಳಿಗೆ ಬಣ್ಣ ಹೊಡೆಯುತ್ತಲೇ ತಲೆ ಬೆಳ್ಳಗಾದವನು ನಾನು. ಈ ಊರಲ್ಲಿ ನನ್ನ ಬ್ರಶ್ ಮುಟ್ಟದ ಗೋಡೆಯಿದ್ದರೆ ಅದು ಇನ್ನೂ ಕಟ್ಟದೇ ಇರುವ ಗೋಡೆ. ಅಂಥವನ ಎಡಗಾಲಿಗೆ ಈಗ ಮಂಡಿಯವರೆಗೆ ಪ್ಲಾಸ್ಟರ್. ಡಾಕ್ಟರು ಮೆತ್ತಿದ್ದನ್ನು ಕಣ್ಣಾರೆ ನೋಡಿದೆ, ಫಿನಿಶಿಂಗ್ ಸರಿಯಿಲ್ಲ. ಹೇಳಿದೆ ಕೂಡ. ಅವರಿಗೆ ಹಿಡಿಸಲಿಲ್ಲ.

ನನ್ನ ಮಾತು ಕೇಳಿ ಕೇಳಿ ಇವಳಿಗೆ ತಲೆನೋವಂತೆ. ಒಂದು ಹಳೆಯ ಡೈರಿ ತಂದು ತೊಡೆಯ ಮೇಲೆ ಹಾಕಿ, "ಬಡಾಯಿ ಏನಿದ್ರೂ ಇದ್ರ ಹತ್ರ ಕೊಚ್ಕೊಳ್ಳಿ, ಇದಕ್ಕೆ ಕಿವಿ ಇಲ್ಲ" ಅಂದಳು ನನ್ನ ಹೆಂಡತಿ. ಬರೆಯುವುದೇನು ದೊಡ್ಡ ಮಾತು? ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ ನಾನೇ ಮೊದಲನೆಯವನು. ಕ್ಲಾಸಿನಲ್ಲಿ ಎಷ್ಟು ಮಂದಿ ಇದ್ದರು ಎಂಬುದು ಇಲ್ಲಿ ಅಪ್ರಸ್ತುತ.

ಸಂಜೆ ತಂಗಿಯ ಮಗಳು ಬಂದಿಳಿದಳು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ಹುಟ್ಟಿದಾಗಿನಿಂದ ಪ್ರಶ್ನೆ ಕೇಳುವುದೇ ಕೆಲಸವಾದ್ದರಿಂದ ನಾನು ಅವಳಿಗಿಟ್ಟ ಹೆಸರು ಪ್ರಶ್ನೆಪತ್ರಿಕೆ. ಮಳೆಗಾಲ ಮುಗಿಯುವವರೆಗೆ ನಮ್ಮಲ್ಲೇ ಇರುತ್ತಾಳಂತೆ. ಅವಳ ವಿಷಯದ ಹೆಸರು ಪರಿಸರ ಮಾನವಿಕ. ಪರಿಸರ ಗೊತ್ತು, ಮನುಷ್ಯ ಗೊತ್ತು, ಎರಡನ್ನೂ ಸೇರಿಸಿ ಸಂಬಳ ಕೊಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಏನಮ್ಮ ಅದು ಎಂದು ಕೇಳಿದೆ. ಹೋದ ವರ್ಷದ ಹಿಂದಿನ ವರ್ಷ ಹೊಳೆ ಕೆಳಗಿನ ಬೀದಿಗೆ ನುಗ್ಗಿತಲ್ಲ, ಎಷ್ಟು ನೀರು ಬರುತ್ತೆ ಅಂತ ಅಣೆಕಟ್ಟಿನ ಮೀಟರ್ ಮೊದಲೇ ಹೇಳಿತ್ತು, ಸೈರನ್ನೂ ಕೂಗಿತ್ತು, ಆದರೂ ಜನ ಯಾಕೆ ಮಂಚ ಬಿಟ್ಟು ಏಳಲಿಲ್ಲ ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲ, ಅದನ್ನು ಹುಡುಕುವುದೇ ನಮ್ಮ ಕೆಲಸ ಅಂದಳು. ಸೋಮಾರಿತನ ಅಂತ ನಾನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟೆ. ಅವಳು ಬರೆದುಕೊಳ್ಳಲಿಲ್ಲ.

ಜುಲೈ 5, ಭಾನುವಾರ

ಪ್ರಶ್ನೆಪತ್ರಿಕೆ ಕೆಳಗಿನ ಬೀದಿಯ ಇಸ್ತ್ರಿ ಅಜ್ಜಿಯ ಹತ್ತಿರ ಮೂರು ದಿನ ಕೂತಳು. ಅಜ್ಜಿ ಇಸ್ತ್ರಿ ಉಜ್ಜುತ್ತಾ ಹೊಳೆಯ ಕಥೆಗಳನ್ನು ಹೇಳಿದಳಂತೆ. ಹೊಳೆಗೆ ಸಿಟ್ಟು ಬಂದರೆ ಮೊದಲು ಕಪ್ಪೆಗಳು ಸುಮ್ಮನಾಗುತ್ತವೆ, ಹಾಗಂತೆ, ಹೀಗಂತೆ. ಊಟಕ್ಕೆ ಕೂತಾಗಲೂ ಅದೇ ಪಾರಾಯಣ. ಮನೆಯಲ್ಲಿ ಮಾವ ಎಂಬ ಪ್ರಾಣಿ ಒಂದು ಕಾಲು ನೀಡಿಕೊಂಡು ಬಿದ್ದಿದೆ ಎಂಬ ನೆನಪೇ ಇಲ್ಲ.

ಮಧ್ಯಾಹ್ನ ನಾನೇ ಕರೆದೆ. ದನಿ ಹಿಡಿಯುವ ನಿನ್ನ ಯಂತ್ರ ಹಚ್ಚು ಅಂದೆ. ಹಚ್ಚಿದಳು. ಹಚ್ಚಿದ ಮೇಲೆ ನೋಡಿದರೆ ತಲೆಯಲ್ಲಿ ಕಥೆಯೇ ಇಲ್ಲ. ಹೊರಗೆ ಜಿಟಿಜಿಟಿ ಮಳೆ. ಎದುರಿನ ಗೋಡೆಯ ಮೇಲೆ ಒಂದು ಬಸವನಹುಳು ತನ್ನ ಮನೆ ಹೊತ್ತುಕೊಂಡು ಹತ್ತುತ್ತಿತ್ತು. ಅದನ್ನೇ ನೋಡುತ್ತಾ ದನಿ ತಗ್ಗಿಸಿ ಹೇಳಿದೆ, "ನಮ್ಮಜ್ಜಿ ಹೇಳ್ತಿದ್ಲು. ಬಸವನಹುಳು ಗೋಡೆ ಹತ್ತಿ ಮಂಡಿ ಮೀರಿದ್ರೆ ಹೊಳೆ ಬೀದಿಗೆ ಬರುತ್ತೆ. ಮೀರದೇ ಇದ್ರೆ ಎಷ್ಟು ಮಳೆ ಬಂದ್ರೂ ಬರಲ್ಲ."

ಹುಡುಗಿಯ ಕಣ್ಣು ಅರಳಿತು. ನಾನು ಇನ್ನಷ್ಟು ಬಣ್ಣ ಹಚ್ಚಿದೆ. ಅಜ್ಜಿ ಬೆಳಿಗ್ಗೆ ಎದ್ದವಳೇ ಸೀರೆ ಎತ್ತಿ ಮಂಡಿಯನ್ನು ಗೋಡೆಗೆ ಒತ್ತಿ ಅಳೆಯುತ್ತಿದ್ದಳು ಅಂದೆ. ಇವಳು ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು. ಪ್ರಶ್ನೆಪತ್ರಿಕೆ ಆಚೆ ಹೋದ ಮೇಲೆ ಬಂದು, "ನೀವು ಹುಟ್ಟೋ ಮೊದ್ಲೇ ನಿಮ್ಮಜ್ಜಿ ತೀರ್ಕೊಂಡಿದ್ರಲ್ಲ, ಕನಸಲ್ಲಿ ಬಂದು ಹೇಳಿದ್ರಾ?" ಅಂದಳು.

ಕಥೆಗೆ ಅಜ್ಜಿ ಬೇಕಾಗುತ್ತಾಳೆ. ತಳಕ್ಕೆ ಪ್ರೈಮರ್ ಬಳಿಯದೆ ಬಣ್ಣ ನಿಲ್ಲುತ್ತದೆಯೆ?

ಜುಲೈ 13, ಸೋಮವಾರ

ಬೆಚ್ಚಿಬಿದ್ದೆ. ಬಾಗಿಲಿಗೆ ಸೈಕಲ್ ರಿಪೇರಿಯವನು ಬಂದು, ಹೌದಾ ಅಣ್ಣ, ಮಂಡಿ ಅಂದ್ರೆ ಗಂಡಸಿನ ಮಂಡಿಯೋ ಹೆಂಗಸಿನ ಮಂಡಿಯೋ ಎಂದು ಕೇಳಿದ. ಯಾವ ಮಂಡಿ ಅಂದೆ. ಕೆಳಗಿನ ಬೀದಿಯ ಸಭೆಯಲ್ಲಿ ಪ್ರಶ್ನೆಪತ್ರಿಕೆ ಎಲ್ಲರ ಕಥೆಗಳನ್ನೂ ಕೇಳಿಸಿದಳಂತೆ. ಅಜ್ಜಿಯ ಕಪ್ಪೆಗೆ ತಲೆಯಾಡಿಸಿದ ಜನ ನನ್ನ ಬಸವನಹುಳಕ್ಕೆ ಎದ್ದು ನಿಂತರಂತೆ. ಯಂತ್ರದಲ್ಲಿ ನನ್ನ ದನಿ ಅಷ್ಟು ಚೆನ್ನಾಗಿದೆ ಎಂದು ಅವನೇ ಹೇಳಿದ್ದು, ನಾನಲ್ಲ.

ಹೆಂಗಸಿನ ಮಂಡಿ ಎಂದು ಹೇಳಿ ಕಳಿಸಿದೆ. ಅಜ್ಜಿಯದಲ್ಲವೆ.

ಇವತ್ತು ರಾತ್ರಿ ಊಟದ ಹೊತ್ತಿಗೆ ಹುಡುಗಿಗೆ ನಿಜ ಹೇಳಿಬಿಡಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು. ನೀರಿನ ಕಚೇರಿಯ ಇಂಜಿನಿಯರು ಜನರ ನೆನಪಿಗೆ ಮೊದಲ ಸಲ ಕಿವಿಗೊಟ್ಟಿದ್ದಾರಂತೆ. ಸೇತುವೆಯಲ್ಲಿರುವ ನೀರಳೆಯುವ ಮೀಟರಿನ ಪಕ್ಕದಲ್ಲೇ ಜನರ ಗುರುತೂ ಇರಲಿ ಎಂದು ಒಪ್ಪಿದ್ದಾರಂತೆ. ಅವಳ ಮುಖ ನೋಡಿ ಅನ್ನ ಕಲಸಿಕೊಂಡೆ. ಇನ್ನೊಂದು ದಿನ ಹೇಳಿದರಾಯಿತು.

ಜುಲೈ 21, ಮಂಗಳವಾರ

ನನ್ನ ಸುಳ್ಳಿಗೆ ನಾನೇ ಬಣ್ಣ ಹೊಡೆದು ಬಂದೆ. ಇದು ಗಾದೆಯಲ್ಲ, ನಡೆದದ್ದು.

ಸೇತುವೆಯ ಪಕ್ಕದ ಉದ್ದ ಗೋಡೆಗೆ ಸುಣ್ಣ ಹೊಡೆದವನು ನಾನೇ. ಅದರ ಮೇಲೆ ಮಂಡಿಯೆತ್ತರಕ್ಕೆ ಕೆಂಪು ಗೆರೆ ಬೇಕು, ಮಾವನೇ ಎಳೆಯಬೇಕು ಎಂದು ಪ್ರಶ್ನೆಪತ್ರಿಕೆಯ ಹಟ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಸೈಕಲ್ ರಿಪೇರಿಯವನು ಸ್ಟೂಲನ್ನು ಒಂದೊಂದು ಅಡಿ ಜರುಗಿಸಿದ ಹಾಗೆ ನಾನು ಗೆರೆ ಎಳೆಯುತ್ತಾ ಹೋದೆ. ಅಳತೆಗೆ ಇಸ್ತ್ರಿ ಅಜ್ಜಿಯ ಮಂಡಿ. ಅಜ್ಜಿ ನಾಚಿಕೊಂಡಳು, ಬೀದಿಯೆಲ್ಲ ನಕ್ಕಿತು. ದಾರ ಹಿಡಿಯದೆ ಎಳೆದ ಗೆರೆ, ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಓರೆಯಿಲ್ಲ. ಇಂಜಿನಿಯರು ತಮ್ಮ ಮಟ್ಟಗೋಲು ಇಟ್ಟು ನೋಡಿ ತಲೆದೂಗಿದರು.

ಗೆರೆ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಜುಲೈ 29, ಬುಧವಾರ

ಮಳೆ. ಹುಳುಗಳು ಗೋಡೆಯ ಬುಡದಿಂದ ಒಂದು ಗೇಣು ಹತ್ತಿ, ಸುಣ್ಣ ಕೆರೆದು ತಿಂದು, ಇಳಿದು ಹೋದವಂತೆ. ಕೆಳಗಿನ ಬೀದಿಯವರು ಬೆಳಿಗ್ಗೆ ಹಲ್ಲುಜ್ಜುತ್ತಾ ಮೊದಲು ನೋಡುವುದು ಗೋಡೆಯನ್ನಂತೆ. ಹುಳು ಗೆರೆ ಮುಟ್ಟದಿದ್ದರೆ ನಿಶ್ಚಿಂತೆ. ಸೈಕಲ್ ರಿಪೇರಿಯವನು ತನ್ನ ಅಂಗಡಿಯ ಸಾಮಾನನ್ನು ಮೇಲಿನ ಅಟ್ಟದಿಂದ ಮತ್ತೆ ಕೆಳಗಿಳಿಸಿಕೊಂಡನಂತೆ.

ಇದನ್ನೆಲ್ಲ ಪ್ರಶ್ನೆಪತ್ರಿಕೆ ಸಂತೋಷದಿಂದ ಹೇಳುತ್ತಿದ್ದಳು. ಇವಳು ನನ್ನನ್ನೇ ನೋಡುತ್ತಿದ್ದಳು. ಪ್ಲಾಸ್ಟರಿನ ಒಳಗೆ ತುರಿಕೆ.

ಆಗಸ್ಟ್ 9, ಭಾನುವಾರ

ದೀಪ ಇಲ್ಲ. ಮೇಣದಬತ್ತಿಯಲ್ಲಿ ಬರೆಯುತ್ತಿದ್ದೇನೆ. ಮನೆ ತುಂಬ ಕೆಳಗಿನ ಬೀದಿಯವರು ಮಲಗಿದ್ದಾರೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಬೆಳಿಗ್ಗೆ ಬಿಸಿಲು. ಒಂದು ತುಣುಕು ಮೋಡವಿಲ್ಲ. ತಿಂಡಿ ತಿನ್ನುವ ಹೊತ್ತಿಗೆ ಸೈರನ್ ಕೂಗಿತು. ಪ್ರಶ್ನೆಪತ್ರಿಕೆಗೆ ಫೋನ್ ಬಂತು. ಮೇಲೆ ಬೆಟ್ಟದಲ್ಲಿ ರಾತ್ರಿಯಿಡೀ ಎಂದೂ ಕಾಣದ ಮಳೆ ಸುರಿದಿದೆ, ಅಣೆಕಟ್ಟು ತಡೆಯಲಾರದು, ಬಾಗಿಲುಗಳನ್ನೆಲ್ಲ ತೆರೆಯುತ್ತಿದ್ದಾರೆ, ಸಂಜೆಯೊಳಗೆ ನೀರು ಇಲ್ಲಿಗೆ ಬರುತ್ತದೆ ಎಂದು ಇಂಜಿನಿಯರು ಹೇಳಿದರಂತೆ. ಚಪ್ಪಲಿಯೂ ಇಲ್ಲದೆ ಓಡಿದಳು.

ಗಂಟೆ ಕಳೆದು ವಾಪಸು ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಯಾರೂ ಏಳ್ತಿಲ್ಲ ಮಾವ. ಗೋಡೆ ತೋರಿಸ್ತಾರೆ. ಹುಳ ಎಲ್ಲಿದೆ ತಾಯಿ, ನೀವೇ ಗೆರೆ ಹಾಕ್ಸಿದ್ರಲ್ಲ ಅಂತಾರೆ."

ಹುಳು ಎಲ್ಲಿಂದ ಬರಬೇಕು? ಬಿಸಿಲಿಗೆ ಅವೆಲ್ಲ ಚಿಪ್ಪು ಮುಚ್ಚಿಕೊಂಡು ಕಲ್ಲಿನ ಸಂದಿಯಲ್ಲಿ ಮಲಗಿವೆ. ಬೆಟ್ಟದ ಮೇಲಿನ ಮಳೆ ನಮ್ಮ ಗೋಡೆಯ ಹುಳಕ್ಕೆ ಹೇಗೆ ಗೊತ್ತಾಗಬೇಕು?

ಕೋಲು ಹಿಡಿದು ಕುಂಟುತ್ತಾ ಕೆಳಗಿನ ಬೀದಿಗೆ ಇಳಿದೆ. ಇಸ್ತ್ರಿ ಅಜ್ಜಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಸೈಕಲ್ ರಿಪೇರಿಯವನು ಟ್ಯೂಬನ್ನು ಬಕೆಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಬೀದಿಯ ನಡುವೆ ನಿಂತು ಹೇಳಿದೆ, ಆ ಹುಳದ ಮಾತು ನಾನು ಕಟ್ಟಿದ ಸುಳ್ಳು, ಏಳಿ, ಹೊರಡಿ ಎಂದು. ನನ್ನ ಜನ್ಮದಲ್ಲಿ ಅಷ್ಟು ಶುದ್ಧ ಸತ್ಯ ಆಡಿದ್ದೇ ಇಲ್ಲ.

ಸೈಕಲ್ ರಿಪೇರಿಯವನು ತಲೆ ಎತ್ತಲೂ ಇಲ್ಲ. "ಏಣಿ ಬಿದ್ದಿದ್ದು, ನೀನಲ್ಲ ಅಂದೆ. ಈಗ ಹುಳದ ಮಾತೂ ಸುಳ್ಳು ಅಂತೀಯ. ಸೊಸೆ ಕಳಿಸಿದ್ಲಾ ಅಣ್ಣ?" ಅಂದ.

ಎಲ್ಲರೂ ನಕ್ಕರು. ನಾನು ನಗಿಸಿದ ಜನ. ನಾನೇ ಕಲಿಸಿದ ನಗು.

ಮನೆಗೆ ಹೇಗೆ ಹತ್ತಿ ಬಂದೆನೋ ಗೊತ್ತಿಲ್ಲ. ಹಿತ್ತಲಿನಲ್ಲಿ ನೀರಿನ ಡ್ರಮ್ಮಿನ ಹಿಂದೆ, ಇವಳು ಪಾತ್ರೆ ತೊಳೆದ ನೀರು ಚೆಲ್ಲುವ ಜಾಗದಲ್ಲಿ, ವರ್ಷವೆಲ್ಲ ನೆರಳು ಮತ್ತು ತೇವ. ಅಲ್ಲಿ ಬಸವನಹುಳುಗಳ ಸಂಸಾರವೇ ಇದೆ. ನೆಲದ ಮೇಲೆ ಕೂತು ಪ್ಲಾಸ್ಟರಿನ ಕಾಲನ್ನು ಎಳೆದುಕೊಂಡು ಒಂದೊಂದೇ ಹೆಕ್ಕಿದೆ. ಇವಳು ಬಂದು ನೋಡಿದಳು. ನನ್ನ ಡಿಸ್ಟೆಂಪರ್ ಬಣ್ಣದ ಬಕೆಟ್ ತಂದಿಟ್ಟು ತಾನೂ ಕೂತು ಹೆಕ್ಕತೊಡಗಿದಳು.

ಮಧ್ಯಾಹ್ನ ಉಂಡು ಜನ ಒಳಗೆ ಮಲಗುವ ಹೊತ್ತು. ಗೋಡೆಗೆ ಆಗ ನೆರಳು ಬಿದ್ದಿರುತ್ತದೆ ಎಂದು ಬಣ್ಣ ಹೊಡೆದ ನನಗೆ ಗೊತ್ತು. ನಾವಿಬ್ಬರೇ ಹೋದೆವು. ಇವಳು ಗೋಡೆಗೆ ನೀರು ಎರಚಿದಳು. ನಾನು ಕೆಂಪು ಗೆರೆಯ ಮೇಲೆ ಒಂದೊಂದೇ ಹುಳು ಅಂಟಿಸಿದೆ. ಕೆಲವು ಬಿದ್ದವು, ಮತ್ತೆ ಅಂಟಿಸಿದೆ. ಒದ್ದೆ ಸುಣ್ಣದ ವಾಸನೆ ಹಿಡಿದು ಕೊಂಬು ಚಾಚಿ ಅವು ತಾವಾಗಿಯೇ ಮೇಲೆ ಹತ್ತತೊಡಗಿದವು. ಬಕೆಟನ್ನು ಇವಳು ಸೆರಗಿನಡಿ ಮುಚ್ಚಿಕೊಂಡಳು. ಸೇತುವೆಯ ಕಟ್ಟೆಯ ಮೇಲೆ, ಕಾಲುನೋವಿಗೆ ಕೂತವರ ಹಾಗೆ ಕೂತೆವು.

ಮೊದಲು ನೋಡಿದ್ದು ಇಸ್ತ್ರಿ ಅಜ್ಜಿ. ಕೂಗಲಿಲ್ಲ. ಹತ್ತಿರ ಬಂದು, ಬಗ್ಗಿ, ತನ್ನ ಮಂಡಿಯನ್ನು ಗೋಡೆಗೆ ಒತ್ತಿ ಅಳೆದಳು. ಆಮೇಲೆ ಒಂದೊಂದೇ ಬಾಗಿಲು ತಟ್ಟುತ್ತಾ ಹೋದಳು.

ಸೈರನ್ನಿಗೆ ಏಳದ ಬೀದಿ ಒಂದು ಮುದುಕಿಯ ಮಂಡಿಗೆ ಎದ್ದಿತು. ಮಕ್ಕಳು, ಹಾಸಿಗೆ, ಹೊಲಿಗೆಯಂತ್ರ, ಇಸ್ತ್ರಿ ಪೆಟ್ಟಿಗೆ. ಹೊತ್ತು ಮುಳುಗುವ ಮೊದಲೇ ಬೀದಿ ಬರಿದಾಯಿತು. ಬೀದಿಯ ಕೊನೆಯಲ್ಲಿರುವ ಗೋದಾಮಿನ ಕಾವಲುಗಾರ ಎಲ್ಲಿ ಎಂದು ಹುಡುಕಿದರೆ ಅವನು ಬೆಳಿಗ್ಗೆ ಸೈರನ್ ಕೂಗಿದಾಗಲೇ ಮೇಲೆ ಹೋಗಿ ಶಾಲೆಯ ಜಗಲಿಯಲ್ಲಿ ಕೂತಿದ್ದ. ಹೊಸಬ. ನನ್ನ ಕಥೆ ಅವನ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ನೀರು ಬಂತು. ಹೊಳೆ ಏರುತ್ತದೆ ಅಂದುಕೊಂಡಿದ್ದೆ. ಏರಲಿಲ್ಲ. ನಿಂತ ಗೋಡೆಯೇ ನಡೆದುಕೊಂಡು ಬಂದ ಹಾಗೆ ಬಂತು. ನಮ್ಮ ಮನೆಯ ಮೆಟ್ಟಿಲಿನಿಂದ ನೋಡುತ್ತಿದ್ದೆ. ಸೈಕಲ್ ಅಂಗಡಿಯ ತಗಡಿನ ಛಾವಣಿ ಒಮ್ಮೆ ಎದ್ದು, ಸುತ್ತಿ, ಹೋಯಿತು. ಯಾರೂ ಅಳಲಿಲ್ಲ.

ಆಗಸ್ಟ್ 11, ಮಂಗಳವಾರ

ಇವಳು ಮನೆ ತುಂಬಿದ ಜನಕ್ಕೆ ಅನ್ನ ಬೇಯಿಸುತ್ತಿದ್ದಾಳೆ. ನಾನು ಎಲೆ ಹಾಕುತ್ತೇನೆ, ಯಾರ ಮುಖವನ್ನೂ ನೋಡದೆ.

ಆಗಸ್ಟ್ 13, ಗುರುವಾರ

ನೀರು ಇಳಿದಿದೆ. ಗೋಡೆ ನೋಡಲು ಹೋಗಿದ್ದೆ. ಕೆಂಪು ಗೆರೆಯನ್ನು ಕೆಸರಿನ ಒಳಗೆ ಕೈಹಾಕಿ ಹುಡುಕಬೇಕಾಯಿತು. ನೀರು ನಿಂತ ಗುರುತು ನನ್ನ ನೆತ್ತಿಗಿಂತ ಮೇಲಿತ್ತು. ಮಂಡಿ ಎಲ್ಲಿ, ನೆತ್ತಿ ಎಲ್ಲಿ. ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಸೈಕಲ್ ರಿಪೇರಿಯವನು ನೋಡಿ ಎಬ್ಬಿಸಿದ. ನಿಮ್ಮಜ್ಜಿ ದೇವರು ಅಣ್ಣ ಅಂದ. ಅವನ ಕಣ್ಣಲ್ಲಿ ನೀರಿತ್ತು.

ಸಂಜೆ ಪ್ರಶ್ನೆಪತ್ರಿಕೆ ಬಕೆಟ್ ಹಿಡಿದು ನನ್ನೆದುರು ಬಂದು ಕೂತಳು.

"ಇದ್ರೊಳಗೆ ಲೋಳೆ ಯಾಕಿದೆ ಮಾವ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಎಲ್ಲ ಹೇಳಿದೆ. ಬೀದಿಯಲ್ಲಿ ನಿಂತು ಸತ್ಯ ಹೇಳಿದ್ದೂ, ಬಕೆಟ್ಟೂ, ಅವತ್ತು ಎದುರಿನ ಗೋಡೆಯ ಮೇಲೆ ಹತ್ತುತ್ತಿದ್ದ ಆ ಒಂದು ಹುಳುವೂ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಕೆಟಿನ ತಳವನ್ನೇ ನೋಡುತ್ತಾ ಕೂತಳು. ಅವಳು ಸಣ್ಣವಳಾಗಿ ನಮ್ಮ ಅಂಗಳದಲ್ಲಿ ಆಡಿದ ಕಾಲದ ಮುಖ ಕಂಡಿತು.

"ಕಥೆ ಕಟ್ಟಿದ್ದಕ್ಕೆ ಬೇಜಾರಿಲ್ಲ. ಕಥೆ ಅಂದ್ರೆ ಹಾಗೇನೆ, ಯಾರೋ ಕಟ್ತಾರೆ. ನಾನು ಅದನ್ನ ಗೆರೆ ಮಾಡಿದ್ನಲ್ಲ ಮಾವ. ಇನ್ನೊಬ್ರನ್ನ ಕೇಳಿ ನೋಡದೇನೇ ನೀರಿಗೆ ಇಷ್ಟೇ ಎತ್ತರ ಅಂತ ಬರೆಸಿದ್ನಲ್ಲ."

ಮತ್ತೆ ಹೇಳಿದಳು, ಜನ ಯಾಕೆ ಏಳಲಿಲ್ಲ ಅಂತ ಹುಡುಕೋಕೆ ಬಂದವಳು, ಏಳದೇ ಇರೋಕೆ ಇನ್ನೊಂದು ಕಾರಣ ಕೊಟ್ಟೆ ಎಂದು. ಕೊಟ್ಟವನು ನಾನು, ಹಂಚಿದವಳು ಅವಳು. ಇದನ್ನೆಲ್ಲ ಇದ್ದ ಹಾಗೇ ಬರೆಯುತ್ತಾಳಂತೆ. ನನ್ನ ಹೆಸರು ಬರುತ್ತದೆಯೆ ಎಂದು ಕೇಳಿದೆ. ಬೇಡವಾ ಅಂದಳು. ಬರಲಿ ಅಂದೆ. ಯಾಕೆ ಹಾಗೆ ಹೇಳಿದೆನೋ.

ಆಗಸ್ಟ್ 16, ಭಾನುವಾರ

ಕೆಳಗಿನ ಬೀದಿಯವರೆಲ್ಲ ಈಗ ಶಾಲೆಯ ಕೋಣೆಗಳಲ್ಲಿದ್ದಾರೆ. ಪ್ರಶ್ನೆಪತ್ರಿಕೆ ನನ್ನನ್ನು ಅವರ ಮುಂದೆ ನಿಲ್ಲಿಸಿದಳು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಹೇಳಿದೆ. ಯಾರೂ ನಂಬಲಿಲ್ಲ. ಸೈಕಲ್ ರಿಪೇರಿಯವನಂತೂ ಎದ್ದು ನನ್ನ ಕಾಲಿಗೆ ಬೀಳಲು ಬಂದ. ದೊಡ್ಡವರು ಹೀಗೇ, ಮಾಡಿದ ಉಪಕಾರ ಹೇಳಿಕೊಳ್ಳುವುದಿಲ್ಲ ಅಂದ. ಬದುಕಿನಲ್ಲಿ ಮೊದಲ ಸಲ ನನ್ನನ್ನು ಯಾರೋ ವಿನಯವಂತ ಅಂದರು.

ಆಗ ಇವಳು ಹಿಂದಿನ ಬೆಂಚಿನಿಂದ ಎದ್ದಳು. ಹತ್ತು ಜನರ ಮುಂದೆ ಎಂದೂ ಬಾಯಿಬಿಟ್ಟವಳಲ್ಲ.

"ಇವ್ರಜ್ಜಿ ಇವ್ರು ಹುಟ್ಟೋ ಮೊದ್ಲೇ ಸತ್ತಿದ್ರು. ಹುಳ ಹೆಕ್ಕಿದ್ದು ನಾವಿಬ್ರೂ. ನನ್ನ ಕೈಯಲ್ಲೇ ನೀರು ಎರಚಿದ್ದು."

ಇವಳ ಮಾತನ್ನು ಸುಳ್ಳು ಎನ್ನುವವರು ಊರಲ್ಲಿ ಯಾರೂ ಇಲ್ಲ. ಸೈಕಲ್ ರಿಪೇರಿಯವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಸುಣ್ಣ ಕಲಸುವಾಗ ಕಣ್ಣಿಗೆ ಹಾರಿದ ಹಾಗಿತ್ತು.

ಇಸ್ತ್ರಿ ಅಜ್ಜಿ ಬಾಯಿ ತೆರೆದಳು. ಸಿಟ್ಟಿಲ್ಲ, ಬರೀ ಗೊಂದಲ.

"ಹಾಗಾದ್ರೆ ನಮ್ಮಮ್ಮ ಹೇಳ್ತಿದ್ದಿದ್ದು? ಹುಳ ಮಂಡಿ ಮೀರಿದ್ರೆ ಅಂತ? ನಂಗೆ ಚೆನ್ನಾಗಿ ನೆನಪಿದೆ."

ಅಮ್ಮ ಯಾವಾಗ ಹೇಳಿದ್ದು ಎಂದು ಪ್ರಶ್ನೆಪತ್ರಿಕೆ ಮೆಲ್ಲಗೆ ಕೇಳಿದಳು. ಅಜ್ಜಿ ಯೋಚಿಸಿದಳು. ಇಸ್ತ್ರಿ ಉಜ್ಜುವವಳ ಹಾಗೆ ಕೈ ಗಾಳಿಯಲ್ಲಿ ಮುಂದೆ ಹಿಂದೆ ಆಡುತ್ತಿತ್ತು. ಕೊನೆಗೂ ಹೇಳಲಾಗಲಿಲ್ಲ. ನಾನು ಹುಟ್ಟಿಸಿದ ಮಾತಿಗೆ ಒಂದೂವರೆ ತಿಂಗಳೊಳಗೆ ಒಬ್ಬ ತಾಯಿ ಹುಟ್ಟಿಬಿಟ್ಟಿದ್ದಳು. ಅಥವಾ ಆ ತಾಯಿ ಮೊದಲಿನಿಂದಲೂ ಇದ್ದಳೋ. ನಾನೂ ಎಲ್ಲೋ ಕೇಳಿಸಿಕೊಂಡಿದ್ದೆನೋ. ಈಗ ನನಗೂ ಗೊತ್ತಿಲ್ಲ.

ಕೊನೆಗೆ ಹುಡುಗಿ ಹೇಳಿದ್ದಿಷ್ಟು. ಹುಳುವಿಗೆ ಗೊತ್ತಿರುವುದು ತನ್ನ ಗೋಡೆಯ ತೇವ ಮಾತ್ರ. ಈಗ ಮಳೆ ಬೀಳುವುದು ನಮ್ಮ ಕಣ್ಣಿಗೆ ಕಾಣದ ಕಡೆ, ನೀರು ಬರುವುದು ಬಿಸಿಲಿನಲ್ಲಿ. ಹಾಗಾಗಿ ಮೇಲಿನ ಅಣೆಕಟ್ಟಿನವರಿಗೆ ಫೋನ್ ಮಾಡುವವರು ಯಾರು, ಯಾರ ಬಾಗಿಲನ್ನು ಯಾರು ತಟ್ಟುವುದು ಎಂದು ನೀವೇ ಹೇಳಿ, ನಾನು ಇನ್ನು ಗೆರೆ ಎಳೆಸುವುದಿಲ್ಲ ಅಂದಳು. ಬಾಗಿಲು ತಟ್ಟುವ ಕೆಲಸ ತನ್ನದು ಎಂದು ಅಜ್ಜಿ ಕೈಯೆತ್ತಿದಳು. ಫೋನ್ ಯಾರು ಎಂದಾಗ ಒಬ್ಬರ ಮುಖ ಒಬ್ಬರು ನೋಡಿದರು.

"ಅಣ್ಣನೇ ಮಾಡ್ಲಿ. ಮಾತು ಬರುತ್ತಲ್ಲ," ಅಂದ ಸೈಕಲ್ ರಿಪೇರಿಯವನು, ನನ್ನ ಮುಖ ನೋಡದೆ.

ಆಗಸ್ಟ್ 27, ಗುರುವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಬಾತುಕೋಳಿಯ ಕಾಲಿನ ಹಾಗಿದೆ. ಸೀದಾ ಸೇತುವೆಗೆ ಹೋದೆ. ಗೋಡೆಯ ಕೆಸರು ತೊಳೆದು, ಕೆಂಪು ಗೆರೆಯನ್ನು ಈ ತುದಿಯಿಂದ ಆ ತುದಿಗೆ ಕೆರೆದು ತೆಗೆದೆ. ಅಷ್ಟು ನೆಟ್ಟಗಿನ ಗೆರೆಯನ್ನು ಇನ್ನೊಮ್ಮೆ ಎಳೆಯಲಾರೆ. ಅದೇ ಗೋಡೆಯ ಮೇಲೆ, ದೂರಕ್ಕೂ ಕಾಣುವಷ್ಟು ಎತ್ತರದಲ್ಲಿ, ಮೇಲಿನ ಅಣೆಕಟ್ಟಿನ ಕಾವಲಿನವನ ಫೋನ್ ನಂಬರ್ ಬರೆದೆ, ಒಂದೊಂದು ಅಂಕಿ ಒಂದು ಮೊಳ. ನೀರು ನಿಂತ ಗುರುತನ್ನು ಮಾತ್ರ ಮುಟ್ಟಲಿಲ್ಲ.

ಸೈಕಲ್ ರಿಪೇರಿಯವನು ಎದುರಿನ ಮರದಡಿ ಪಂಪು ಇಟ್ಟುಕೊಂಡು ಕೂತಿದ್ದ. ಮಾತಾಡಲಿಲ್ಲ. ನಾನು ಏಣಿ ಹತ್ತುವಾಗ ಎದ್ದು ಬಂದು ಏಣಿ ಹಿಡಿದುಕೊಂಡ.

ಸೆಪ್ಟೆಂಬರ್ 6, ಭಾನುವಾರ

ಪ್ರಶ್ನೆಪತ್ರಿಕೆ ಊರಿಗೆ ಹೋದಳು. ಬೆಳಿಗ್ಗೆಯಿಂದ ಜಿಟಿಜಿಟಿ.

ಅಣೆಕಟ್ಟಿನ ಕಾವಲಿನವನಿಗೆ ಬೆಳಿಗ್ಗೆ ಫೋನ್ ಮಾಡಿದೆ. ಮೇಲೆ ಮಳೆಯೇ ಇಲ್ಲ, ನೀರು ತಳದಲ್ಲಿದೆ ಅಂದ. ಊರಿನ ಅತಿ ಹಳೆಯ ಪೇಂಟರ್ ಮಾತಾಡುತ್ತಿರುವುದು ಎಂದು ತಿಳಿಸಿದೆ. ದಿನಾ ತಿಳಿಸ್ತೀರಲ್ಲ ಅಂದ.

ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದೆ. ಎದುರಿನ ಗೋಡೆಯ ಮೇಲೆ ಒಂದು ಬಸವನಹುಳು. ಯಾರೂ ಇಟ್ಟಿದ್ದಲ್ಲ. ಸುಮ್ಮನೆ ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಮಂಡಿ ಗೋಡೆಗೆ ತಾಗಿತು, ಅಷ್ಟೇ. ಹುಳು ಅದಕ್ಕಿಂತ ಎರಡು ಬೆರಳು ಮೇಲಿತ್ತು.

ಇದು ಸುಳ್ಳು ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು. ನೆಲ ಥಂಡಿ ಎಂದು ಅಕ್ಕಿ ಚೀಲವನ್ನು ಅಟ್ಟಕ್ಕೆ ಏರಿಸಿದೆ. ಥಂಡಿಗೆ ಅಕ್ಕಿ ಹಾಳಾಗುತ್ತದೆ. ಇವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು.

"ಏನಂತೆ ನಿಮ್ಮಜ್ಜಿ?"

ಹೊರಗೆ ಬಂದು ನೋಡಿದರೆ ಹುಳು ಇನ್ನೂ ಒಂದು ಗೇಣು ಮೇಲೆ ಹೋಗಿತ್ತು. ಮತ್ತೊಮ್ಮೆ ಅಣೆಕಟ್ಟಿಗೆ ಫೋನ್ ಮಾಡಿದೆ.